ರೇಷ್ಮೆಯ ಹಿಂಬದಿ

ಆ ಚಿತ್ರವನ್ನು ಹಾಳು ಮಾಡಿದವಳು ನಾನು. ಕಾಲ ಕೆಟ್ಟಿತ್ತು, ಬ್ಯಾಂಕುಗಳು ಮುಳುಗುತ್ತಿದ್ದವು, ಗ್ಯಾಲರಿ ಹೇಗೂ ಮುಚ್ಚುವುದರಲ್ಲಿತ್ತು ಎಂದು ನನ್ನ ಮಗಳು ಇವತ್ತಿಗೂ ಹೇಳುತ್ತಾಳೆ. ಗ್ಯಾಲರಿ ಮುಚ್ಚಿದ್ದು ಅದಾದ ಎರಡು ತಿಂಗಳಿಗೆ. ನಾನು ಅರ್ಧ ನಿಂಬೆಹಣ್ಣು ಹಿಡಿದು ಆ ರೇಷ್ಮೆಯ ಮುಂದೆ ಕೂತ ದಿನ ಅದರ ಬಾಗಿಲು ತೆರೆದೇ ಇತ್ತು. ಬ್ಯಾಂಕಿನವರು ಮಾಡಿದ್ದನ್ನು ಅವರು ಹೊತ್ತುಕೊಳ್ಳಲಿ. ಇದು ನನ್ನದು.

ನಮ್ಮದು ಮೈಸೂರಿನಲ್ಲಿ ಬಟ್ಟೆ ಒಗೆಯುವ ಮನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಅಮ್ಮ ನನ್ನ ಕೈಗೆ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಕೊಟ್ಟಳು. ಮದುವೆಯಾಗಿ ಹೋದದ್ದೂ ಅಂಥದ್ದೇ ಮನೆಗೆ. ಅಮ್ಮ ಕಲಿಸಿದ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಕೈತಪ್ಪಿ ಯಾರದಾದರೂ ಬಟ್ಟೆ ಸುಟ್ಟರೆ, ಬೇರೆ ಬಣ್ಣ ಹತ್ತಿದರೆ, ಅದನ್ನು ಗಂಟಿನ ಒಳಗೆ ಅಡಗಿಸಬಾರದು. ಕೆಟ್ಟ ಜಾಗ ಹೊರಗೆ ಕಾಣುವ ಹಾಗೆ ಮಡಿಸಿ, ಎಲ್ಲ ಬಟ್ಟೆಗಳ ಮೇಲೆ ಇಟ್ಟು ಒಯ್ಯಬೇಕು. ಮನೆಯವರು ನೋಡುವ ತನಕ ಬಾಗಿಲಲ್ಲಿ ನಿಂತಿರಬೇಕು. ಬೈದರೆ ಬೈಸಿಕೊಳ್ಳಬೇಕು. ಅಮ್ಮ ಎರಡು ಸಲ ಹಾಗೆ ನಿಂತಿದ್ದನ್ನು ನಾನು ನೋಡಿದ್ದೇನೆ. ನನಗೆ ನಲವತ್ತು ವರ್ಷ ಆ ಗತಿ ಬರಲಿಲ್ಲ. ಅದೊಂದು ಜಂಬ ನನಗಿತ್ತು.

ಗಂಡ ಸತ್ತ ಮೇಲೆ ಅದೇ ಇಸ್ತ್ರಿ ಪೆಟ್ಟಿಗೆಯಲ್ಲಿ ಮಗಳನ್ನು ನರ್ಸಿಂಗ್ ಓದಿಸಿದೆ. ಅವಳು ನ್ಯೂಜೆರ್ಸಿಗೆ ಬಂದಳು, ಇಲ್ಲೇ ಮದುವೆಯಾದಳು, ಮಗು ಹೆತ್ತಳು, ಮಗು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡಳು. ಮಗು ಸ್ಕೂಲಿಗೆ ಹೊರಟ ಮೇಲೆ ಮನ್ರೋ ಎಂಬ ಊರಿನ ಅವರ ಹೊಸ ಮನೆಯಲ್ಲಿ ಹಗಲೆಲ್ಲ ಫ್ರಿಜ್ಜಿನ ಸದ್ದು ಕೇಳುತ್ತ ಕೂರುವುದು ನನ್ನಿಂದ ಆಗಲಿಲ್ಲ.

ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಒಂದು ಸಾಲು ಅಂಗಡಿ. ಪಿಜ್ಜಾದವನು, ಉಗುರಿಗೆ ಬಣ್ಣ ಹಚ್ಚುವವರು, ಕೊನೆಯಲ್ಲಿ ಕೊರಿಯಾದ ಗಂಡಹೆಂಡಿರ ಡ್ರೈಕ್ಲೀನಿಂಗ್. ಒಂದು ದಿನ ಮಗಳ ಜೊತೆ ಅಲ್ಲಿಗೆ ಹೋಗಿದ್ದೆ. ಯಾರದೋ ಮೈಸೂರು ಸಿಲ್ಕ್ ಸೀರೆಯನ್ನು ಕೊಡೆ ಮಡಿಸಿದ ಹಾಗೆ ಮಡಿಸಿ ಹ್ಯಾಂಗರಿಗೆ ಹಾಕಿದ್ದರು. ಜರಿಯ ಮೇಲೆ ಅಡ್ಡ ಗೆರೆ ಬಿದ್ದಿತ್ತು. ನಾನು ಕೌಂಟರಿನ ಒಳಗೆ ಕೈ ಹಾಕಿ ಸೀರೆ ಎಳೆದುಕೊಂಡು ಬಿಚ್ಚಿ ಸರಿಯಾಗಿ ಮಡಿಸಿದೆ.

"ಅಮ್ಮಾ, ಏನ್ ಮಾಡ್ತಿದೀಯ! ಅದು ನಮ್ಮದಲ್ಲ!" ಎಂದು ಮಗಳು ಕಿರುಚಿದಳು.

ಅಂಗಡಿಯ ಹೆಂಗಸು ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು. ಮಾರನೇ ವಾರದಿಂದ ನಾನು ಅಲ್ಲಿ ಇಸ್ತ್ರಿಗೆ ನಿಂತೆ.

ಮಗಳಿಗೆ ನಾಚಿಕೆ. "ಇಷ್ಟು ದೂರ ಬಂದೂ ಇಸ್ತ್ರೀನೇನಮ್ಮ? ಕನ್ನಡದವರು ಯಾರಾದ್ರೂ ನೋಡಿದ್ರೆ?" ಅಂದಳು.

"ನೋಡ್ಲಿ. ಅವರ ಸೀರೇನೂ ತರ್ಲಿ" ಅಂದೆ.

ತಂದರು. ದೂರದ ಬಾಸ್ಕಿಂಗ್ ರಿಡ್ಜಿನಿಂದ ಕಾರು ಓಡಿಸಿಕೊಂಡು ಮದುವೆ ಸೀರೆ ತಂದವರೂ ಇದ್ದರು. "ಆಂಟಿ, ನೀವು ಇಲ್ಲಿ?" ಎಂದು ಹುಬ್ಬು ಏರಿಸಿದವರೂ ಇದ್ದರು. ಹುಬ್ಬು ಏರಿಸಿದವರ ಸೀರೆಗೂ ಅಷ್ಟೇ ಹಬೆ ಕೊಟ್ಟೆ.

ಅಂಗಡಿಯ ಹೆಂಗಸಿನ ಗಂಡ ಕೌಂಟರಿನಲ್ಲಿ, ನಾನು ಇಸ್ತ್ರಿಯಲ್ಲಿ, ಅವಳು ಹೊಲಿಗೆ ಯಂತ್ರದಲ್ಲಿ. ಪ್ಯಾಂಟಿನ ಕಾಲು ಮಡಿಚಿ ಹೊಲಿಯುವುದು, ಗುಂಡಿ ಹಾಕುವುದು ಅವಳ ಕೆಲಸ. ನನಗಿಂತ ಐದಾರು ವರ್ಷ ಚಿಕ್ಕವಳು. ನನ್ನನ್ನು 'ಒನ್ನಿ' ಅನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಕ್ಕ ಅಂತೆ. ನಾನು 'ತಂಗಿ' ಅನ್ನುತ್ತಿದ್ದೆ, ಅದರ ಅರ್ಥ ಹೇಳಿಕೊಟ್ಟಿದ್ದೆ. ನಮ್ಮಿಬ್ಬರ ಇಂಗ್ಲಿಷೂ ಅಲ್ಲಲ್ಲಿ ಹರಿದದ್ದು. ಅದಕ್ಕೇ ಅವಳ ಮಾತನ್ನೂ ನಾನಿಲ್ಲಿ ನನ್ನ ಮಾತಿನಲ್ಲೇ ಬರೆಯುತ್ತಿದ್ದೇನೆ.

ಅವಳು ಚಿತ್ರ ಬರೆಯುವವಳು ಎಂದು ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಯ್ಲರಿನ ಪಕ್ಕದ ಕಿಟಕಿಯ ಕೆಳಗೆ, ಮರದ ಚೌಕಟ್ಟಿಗೆ ಬಿಗಿದ ತೆಳು ರೇಷ್ಮೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಅಲ್ಲಿ ಕೂರುತ್ತಿದ್ದಳು. ಅಂಟು ಕಾಯಿಸಿ, ಬಣ್ಣದ ಪುಡಿಯನ್ನು ಬೆರಳಲ್ಲೇ ಅರೆದು, ಹಾಲಿಗೆ ನೀರು ಬೆರೆಸಿದ ಹಾಗೆ ತೆಳ್ಳಗೆ ಮಾಡಿ ಹಚ್ಚುವುದು, ಒಣಗಲು ಬಿಡುವುದು, ಮತ್ತೆ ಹಚ್ಚುವುದು. ಊರಿನಲ್ಲಿ ಇದನ್ನೇ ಓದಿದವಳಂತೆ. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಪ್ಯಾಂಟು ಮಡಿಚಿದ್ದಳು.

ಚಿತ್ರದಲ್ಲಿ ಇದ್ದದ್ದು ಹುಲ್ಲು. ಬರೀ ಜೊಂಡು ಹುಲ್ಲು. ಆಳೆತ್ತರದ ಬೂದಿ ಬಣ್ಣದ ಜೊಂಡು, ಎಲ್ಲ ಒಂದೇ ಕಡೆಗೆ ಬಾಗಿದ್ದು. ಮೇಲೆ ಬೂದಿ ಬಣ್ಣದ ಆಕಾಶ. ಆದರೆ ನೋಡುತ್ತ ನಿಂತರೆ ಬೂದಿಯ ಒಳಗೆ ಎಲ್ಲೋ ಕೆಂಡ ಇದ್ದ ಹಾಗೆ ಒಂದು ಬೆಚ್ಚಗಿನ ಬಣ್ಣ. ಇದ್ದಿಲು ಊದುವ ಮೊದಲು ಇಸ್ತ್ರಿ ಪೆಟ್ಟಿಗೆಯಲ್ಲಿ ಹಾಗೆ ಕಾಣುತ್ತದೆ. ಅದು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಂದು ಭಾನುವಾರ ಅವರು ರೇಷ್ಮೆ ತರಲು ನ್ಯೂಯಾರ್ಕಿಗೆ ಹೊರಟಾಗ ನನ್ನನ್ನೂ ವ್ಯಾನಿನಲ್ಲಿ ಕೂರಿಸಿಕೊಂಡರು. ದಾರಿಯಲ್ಲಿ ಹೆದ್ದಾರಿಯ ಎರಡೂ ಕಡೆ ಜೌಗು, ಅದರ ತುಂಬ ಅದೇ ಜೊಂಡು. ಹೆದ್ದಾರಿ ಬಿಟ್ಟು ಯಾವುದೋ ಗೋಡೌನಿನ ಹಿಂದೆ ವ್ಯಾನು ನಿಲ್ಲಿಸಿದರು. ಚಳಿಗಾಳಿ ಮೂಳೆಗೆ ಹೋಗುತ್ತಿತ್ತು. ಅವಳು ಇಳಿದು ಹುಲ್ಲಿನ ಮುಂದೆ ನಿಂತಳು.

"ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ? ದನಾನೂ ಮೂಸಲ್ಲ ಇದನ್ನ" ಅಂದೆ.

ಅವಳು ನಕ್ಕಳು. ಆಮೇಲೆ ಹೇಳಿದಳು. ಅಂಗಡಿ ತೆರೆದ ಮೂರನೇ ವಾರ ಊರಿನಲ್ಲಿ ಅವಳ ಅಮ್ಮ ತೀರಿಕೊಂಡಳಂತೆ. ಆಗತಾನೇ ತೆರೆದ ಅಂಗಡಿ, ಬಿಟ್ಟು ಹೋಗಲು ಆಗಲಿಲ್ಲ. ಫೋನು ಬಂದಾಗ ಒಬ್ಬ ಗಿರಾಕಿ ಕಾಯುತ್ತ ನಿಂತಿದ್ದ, ಅವನ ಕೋಟಿಗೆ ಗುಂಡಿ ಹಾಕಿ ಕೊಟ್ಟಳಂತೆ. ಅವತ್ತು ಅಳಲಿಲ್ಲ. ಆಮೇಲೆ ಅಳು ಬರಲೂ ಇಲ್ಲ.

"ಅಳೋಕೆ ಹುಲ್ಲು ಯಾಕೆ ಬೇಕು ತಂಗಿ? ನಿಮ್ಮಮ್ಮನ ಮುಖಾನೇ ಬರೀಬಹುದಲ್ಲ?"

"ಮುಖ ಬರೆದ್ರೆ ಇದ್ಯಾರು ಅಂತ ಕೇಳ್ತಾರೆ ಒನ್ನಿ. ಹುಲ್ಲು ಬರೆದ್ರೆ ಯಾರೂ ಕೇಳಲ್ಲ. ಅವರವರದ್ದು ಅವರಿಗೆ ಕಾಣುತ್ತೆ" ಅಂದಳು.

ನನಗೆ ಏನೂ ಕಾಣಲಿಲ್ಲ. ಮೂಗು ಸೋರುತ್ತಿತ್ತು. ವ್ಯಾನಿಗೆ ಹೋಗಿ ಕೂತೆ. ಕಿಟಕಿಯಿಂದ ನೋಡಿದರೆ ಗಾಳಿಗೆ ಜೊಂಡೆಲ್ಲ ಒಂದೇ ಸಲ ಬಾಗುತ್ತಿತ್ತು, ಅದರ ನಡುವೆ ಅವಳೊಬ್ಬಳು ನೆಟ್ಟಗೆ ನಿಂತಿದ್ದಳು. ನನ್ನ ಗಂಡ ಸತ್ತ ದಿನ ಸಂಜೆ ನಾನು ಕೆಂಡ ಆರಿಸದೆ ಯಾರದೋ ಮದುವೆ ಪಂಚೆ ಇಸ್ತ್ರಿ ಮಾಡಿ ಮುಗಿಸಿದ್ದು ನೆನಪಾಯಿತು. ಅದನ್ನು ಅವಳಿಗೆ ಹೇಳಲಿಲ್ಲ.

ಅಷ್ಟರಲ್ಲಿ ಅಂಗಡಿ ಬಡಕಲಾಗುತ್ತಿತ್ತು. ಗಂಡಸರ ಕೆಲಸ ಹೋಗುವುದು ಪೇಪರಿಗಿಂತ ಮೊದಲು ಇಸ್ತ್ರಿಯವಳಿಗೆ ಗೊತ್ತಾಗುತ್ತದೆ. ವಾರಕ್ಕೆ ಹತ್ತು ಅಂಗಿ ಕೊಡುವವನು ಒಂದು ವಾರ ಬರೀ ಒಂದು ಸೂಟು ತರುತ್ತಾನೆ. ಇಂಟರ್ವ್ಯೂಗೆ. ಮುಂದಿನ ವಾರ ಅದೇ ಸೂಟು. ಆಮೇಲೆ ಆಸಾಮಿಯೇ ಬರುವುದಿಲ್ಲ. ನಮ್ಮ ಅಳಿಯ ನ್ಯೂಯಾರ್ಕ್ ಸಿಟಿಯಲ್ಲಿ ಒಂದು ಹಣಕಾಸು ಕಂಪನಿಯ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ. ಅವನ ಅಂಗಿಗಳೂ ಹಾಗೇ ನಿಂತವು. ದಿನವೆಲ್ಲ ಬೇಸ್ಮೆಂಟಿನಲ್ಲಿ ಕೂತಿರುತ್ತಿದ್ದ. ಊಟಕ್ಕೆ ಕರೆದರೆ "ಬಂದೆ ಅತ್ತೆ" ಅನ್ನುತ್ತಿದ್ದ, ಬರುತ್ತಿರಲಿಲ್ಲ.

ಅಂಗಡಿಯ ಲೀಸು ಮುಗಿದರೆ ಮುಂದುವರಿಸುವುದಿಲ್ಲ ಎಂದು ಅವಳ ಗಂಡ ಹೇಳಿಬಿಟ್ಟ. ಅಂಥ ಹೊತ್ತಿಗೆ ನ್ಯೂಯಾರ್ಕಿನ ಒಂದು ಸಣ್ಣ ಗ್ಯಾಲರಿಯ ಹೆಂಗಸು ಬಂದು ಆ ಜೊಂಡಿನ ಚಿತ್ರ ನೋಡಿದಳು. ಕಾಲು ಗಂಟೆ ಅದರ ಮುಂದೆಯೇ ನಿಂತಳು. ಮೂರು ವಾರದಲ್ಲಿ ಪ್ರದರ್ಶನ, ಗ್ಯಾಲರಿಯ ನಡುಗೋಡೆಗೆ ಇದೇ ಚಿತ್ರ ಎಂದಳು. ಅವಳು ಹೋದ ಮೇಲೆ ನನ್ನ ತಂಗಿ ಹೊಲಿಗೆ ಯಂತ್ರದ ಮುಂದೆ ಕೂತು, ಬಾಬಿನ್ನಿಗೆ ದಾರ ಸುತ್ತಿ, ಅದನ್ನು ಬಿಚ್ಚಿ, ಮತ್ತೆ ಸುತ್ತಿದಳು.

"ಏನೇ, ಅದೇ ದಾರ ಎಷ್ಟು ಸಲ ಸುತ್ತುತೀಯ?" ಅಂದೆ.

"ಇದೊಂದು ಗೋಡೆ ಮೇಲೆ ಹೋದ್ರೆ, ಒನ್ನಿ, ಅಂಗಡಿ ಮುಚ್ಚಿದ ಮೇಲೂ ನಾನು ಏನೋ ಒಂದು ಆಗಿರ್ತೀನಿ" ಅಂದಳು.

ಅವಳಿಗೆ ಇದ್ದದ್ದು ಅದೊಂದೇ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಯಾರನ್ನೂ ಕೇಳದೆ ಅದಕ್ಕೆ ಕೈ ಹಾಕಿದೆ.

ಆ ವಾರ ಬಾಯ್ಲರಿನ ಪೈಪು ಸೋರುತ್ತಿತ್ತು. ಹಳೇ ಪೈಪು, ತುಕ್ಕು ನೀರು. ಸೋಮವಾರದಿಂದ ನಾಲ್ಕು ಅಂಗಿಗಳ ಮೇಲೆ ಕಂದು ಚುಕ್ಕೆ ಬಿದ್ದಿತ್ತು, ನಾನೇ ತೆಗೆದಿದ್ದೆ. ಗುರುವಾರ ಮಧ್ಯಾಹ್ನ ಅವಳು ಚೌಕಟ್ಟಿನ ಅಳತೆ ಕೊಡಲು ಸಿಟಿಗೆ ಹೋದಳು. ಗಂಡ ಮುಂದೆ ಕೌಂಟರಿನಲ್ಲಿ ಪೈಪು ರಿಪೇರಿಯವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದ. ನಾನು ಟವೆಲ್ ತರಲು ಹಿಂದಿನ ಕೋಣೆಗೆ ಹೋದೆ.

ಚಿತ್ರ ಗೋಡೆಗೆ ಮುಖ ಮಾಡಿ ನಿಂತಿತ್ತು. ಬೆನ್ನು ನನ್ನ ಕಡೆಗೆ. ಅದರ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಬಿಳಿ ರೇಷ್ಮೆಯ ಮೇಲೆ ಅಂಗೈ ಅಗಲದ, ತಟ್ಟೆ ಅಗಲದ ತುಕ್ಕು ಬಣ್ಣದ ಕಲೆಗಳು. ಒಂದಲ್ಲ, ಹತ್ತು. ಎರಡು ಇನ್ನೂ ಹಸಿ. ಮೇಲೆ ಪೈಪು. ಪೈಪೇ ಇದರ ಮೇಲೂ ಸೋರಿದೆ ಎಂದುಕೊಂಡೆ.

ಅವಳ ಗಂಡನನ್ನು ಕೇಳಬಹುದಿತ್ತು. ಹತ್ತು ಹೆಜ್ಜೆ ದೂರದಲ್ಲಿದ್ದ. ಅವಳು ಬರುವ ತನಕ ಕಾಯಬಹುದಿತ್ತು. ಆದರೆ ಬಟ್ಟೆಯ ವಿಷಯದಲ್ಲಿ ನಾನು ಯಾರನ್ನೂ ಕೇಳುವವಳಲ್ಲ. ಹಸಿ ಕಲೆ ಒಣಗುವ ಮೊದಲು ತೆಗೆಯಬೇಕು ಎಂಬುದು ನನ್ನ ಕೈಗೆ ಗೊತ್ತಿತ್ತು, ಕೈ ಹೊರಟಿತು. ಅಂಗಡಿಯ ತುಕ್ಕಿನ ಔಷಧಿಯನ್ನು ರೇಷ್ಮೆಗೆ ಹಾಕುವಷ್ಟು ದಡ್ಡಿ ನಾನಲ್ಲ ಎಂದುಕೊಂಡೆ. ನನ್ನ ಬುತ್ತಿಯಲ್ಲಿ ಅರ್ಧ ನಿಂಬೆಹಣ್ಣಿತ್ತು, ಉಪ್ಪಿತ್ತು. ಬಿಳಿ ಟವೆಲ್ಲನ್ನು ಒದ್ದೆ ಮಾಡಿ ಹಿಂಡಿ, ಎಷ್ಟೋ ಪಟ್ಟೆ ಸೀರೆಗಳಿಗೆ ಮಾಡಿದ ಹಾಗೆ, ಅಂಚಿನಿಂದ ನಡುವಿಗೆ, ಉಜ್ಜದೆ ಒತ್ತಿ ಒತ್ತಿ ತೆಗೆದೆ.

ಸಲೀಸಾಗಿ ಬಂತು. ಇಷ್ಟು ಸಲೀಸಾಗಿ ತುಕ್ಕು ಬರುವುದಿಲ್ಲ. ಆ ಒಂದು ಕ್ಷಣಕ್ಕೆ ನನ್ನ ಕೈ ನಿಂತದ್ದು ನಿಜ. ಆದರೆ ನನ್ನ ಕೈಗುಣ ಎಂದುಕೊಂಡು ಮುಂದುವರಿಸಿದೆ. ಹತ್ತು ಕಲೆಗೆ ಇಪ್ಪತ್ತು ನಿಮಿಷ ಆಯಿತು. ರೇಷ್ಮೆ ಬೆಳ್ಳಗಾಯಿತು. ಅವಳು ಬಂದು ಬೆಚ್ಚಿಬೀಳುವುದು ತಪ್ಪಿತು ಎಂದು ಸಮಾಧಾನದಿಂದ ಹೋಗಿ ಅಂಗಿ ಇಸ್ತ್ರಿ ಮಾಡಿದೆ.

ಅವಳು ಐದು ಗಂಟೆಗೆ ಬಂದಳು. ಕೋಟು ಬಿಚ್ಚದೆ ಹಿಂದಿನ ಕೋಣೆಗೆ ಹೋದಳು. ನಾನು ಹೇಳಿಕೊಳ್ಳುವ ಹುಮ್ಮಸ್ಸಿನಲ್ಲಿ ಹಿಂದೆಯೇ ಹೋದೆ. "ಪೈಪು ಸೋರಿ ಕಲೆ ಆಗಿತ್ತು ತಂಗಿ, ನಾನೇ ಎಲ್ಲ ತೆಗೆದೆ, ನೋಡು" ಅಂದೆ.

ಅವಳು ಚಿತ್ರವನ್ನು ಮುಂದಕ್ಕೆ ತಿರುಗಿಸಿದಳು. ಬಿಗಿಯಾಗಿದ್ದ ರೇಷ್ಮೆ ಜೋತುಬಿದ್ದಿತ್ತು. ಜೊಂಡಿನ ಬುಡದಲ್ಲಿ ಬಣ್ಣ ಕದಡಿ ಕೆಸರಾಗಿತ್ತು. ಆ ಕೆಂಡ ಇರಲಿಲ್ಲ. ಬರೀ ಬೂದಿ. ದನವೂ ಮೂಸದ ಹುಲ್ಲು.

ಗಂಡ ಓಡಿ ಬಂದ, ನೋಡಿದ, ಅವರ ಭಾಷೆಯಲ್ಲಿ ನನ್ನ ಮೇಲೆ ಕೂಗಾಡಿದ. ಅವಳು ಕೈ ಎತ್ತಿ ಅವನನ್ನು ನಿಲ್ಲಿಸಿದಳು. ಬಕೆಟ್ಟಿನ ಅಂಚಿನಲ್ಲಿದ್ದ ಟವೆಲ್ ತೆಗೆದು ಮೂಸಿದಳು.

"ನಿಂಬೆಹಣ್ಣು?"

"ಹೂಂ."

"ಎಷ್ಟು ಹೊತ್ತು ಹಿಡೀತು ಒನ್ನಿ?"

"ಇಪ್ಪತ್ತು ನಿಮಿಷ."

ಅವಳು ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು. ರೇಷ್ಮೆ ತೆಳು. ಅವರ ಕಡೆ ರೇಷ್ಮೆಯ ಬೆನ್ನಿಗೂ ಬಣ್ಣ ಹಾಕುತ್ತಾರಂತೆ. ಹಿಂದೆ ಹಾಕಿದ್ದು ಮುಂದೆ ನೇರ ಕಾಣುವುದಿಲ್ಲ, ಅದರ ಬಿಸಿ ಮಾತ್ರ ಕಾಣುತ್ತದೆ. ಒಂದೊಂದು ಪದರ ಒಣಗಿ ಇನ್ನೊಂದು ಹಚ್ಚಬೇಕು. ಹದಿನಾಲ್ಕು ತಿಂಗಳು ಹಾಗೆ ಹಚ್ಚಿದ್ದಳು. ಅವತ್ತು ಬೆಳಿಗ್ಗೆ ಎರಡು ಕಡೆ ಕೊನೆಯ ಪದರ ಹಚ್ಚಿ, ಒಣಗಲಿ ಎಂದು ಬೆನ್ನು ಮುಂದೆ ಮಾಡಿ ಇಟ್ಟು ಹೋಗಿದ್ದಳು.

"ಮುಂದೆ ಇರೋದು ಹುಲ್ಲು. ಹಿಂದೆ ಇದ್ದದ್ದು ನನ್ನಮ್ಮ" ಅಂದಳು.

ಕೋಟು ಹಾಕಿಕೊಂಡು ಮನೆಗೆ ನಡೆದೆ.

ಊಟದ ಹೊತ್ತಿಗೆ ಹೇಳಿದೆ. ಮಗಳು, "ನಿಂಗೆ ಹೇಗಮ್ಮ ಗೊತ್ತಾಗ್ಬೇಕು? ಚಿತ್ರದ ಹಿಂದೆ ಯಾರಾದ್ರೂ ಬಣ್ಣ ಹಾಕ್ತಾರಾ?" ಅಂದಳು. ಅವತ್ತು ಅಳಿಯ ಬೇಸ್ಮೆಂಟಿನಿಂದ ಮೇಲೆ ಬಂದು ಕೂತಿದ್ದ. "ಅತ್ತೆ, ನೀವು ಒಳ್ಳೇದಕ್ಕೇ ಅಲ್ವಾ ಮಾಡಿದ್ದು" ಅಂದ.

"ಒಳ್ಳೇದಕ್ಕೆ ಮಾಡಿದೆ ಅಂದ್ರೆ ಹೋದ ಬಣ್ಣ ವಾಪಸ್ ಬರುತ್ತೇನಪ್ಪ?" ಅಂದೆ.

ಅವನು ತಟ್ಟೆ ನೋಡಿಕೊಂಡು ಹೇಳಿದ, "ಇಲ್ಲ. ನನಗೂ ಕೆಲಸದಿಂದ ತೆಗೀವಾಗ ಹಾಗೇ ಹೇಳಿದ್ರು. ಇಟ್ಸ್ ಫಾರ್ ದ ಬೆಸ್ಟ್ ಅಂತ."

ಮೊಮ್ಮಗಳಿಗೆ ಆಗ ಎಂಟು ವರ್ಷ. ಅನ್ನ ಕಲಸುವುದನ್ನು ಬಿಟ್ಟು ನನ್ನನ್ನು ನೋಡಿದಳು. "ಅಜ್ಜಿ, ಡಿಡ್ ಯು ಸೇ ಸಾರಿ?"

ಹೇಳಿರಲಿಲ್ಲ. ಗಿರಾಕಿಗಳಿಗೆ ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು ಅದು. ಲೇಟಾಯ್ತು ಸಾರಿ, ಗುಂಡಿ ಬಿತ್ತು ಸಾರಿ. ಅದನ್ನೇ ತಂದು ಅವಳ ಅಮ್ಮನ ಮೇಲೆ ಇಡಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ನಡೆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅವಳು ಗ್ಯಾಲರಿಗೆ ಫೋನು ಮಾಡಿ ಚಿತ್ರ ಸಿದ್ಧವಾಗಿಲ್ಲ ಎಂದಳು. ನನ್ನ ಹೆಸರು ಎತ್ತಲಿಲ್ಲ. ಆ ಗೋಡೆಗೆ ಬೇರೆ ಯಾರದೋ ಚಿತ್ರ ಹೋಯಿತು. ರೇಷ್ಮೆಯನ್ನು ಚೌಕಟ್ಟಿನಿಂದ ಕತ್ತರಿಸಿ ಸುತ್ತಿ ಇಟ್ಟಳು, ಹೊಸದನ್ನು ಬಿಗಿಯಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಲೀಸು ಮುಗಿಯುವ ತನಕ, ಐದು ತಿಂಗಳು, ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಚಹಾ ಕೊಡುತ್ತಿದ್ದಳು. ಮಾತಾಡುತ್ತಿದ್ದಳು. ಒನ್ನಿ ಅನ್ನುವುದನ್ನು ಮಾತ್ರ ಬಿಟ್ಟಳು. ಆಮೇಲೆ ಅವರು ಬೇರೆ ರಾಜ್ಯಕ್ಕೆ ಹೋದರು. ಅವಳು ಈಗ ಚಿತ್ರ ಬರೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಈಗಲೂ ಸಿಟಿ ಕಡೆ ಹೋಗುವಾಗ ಆ ಜೊಂಡು ಕಾಣುತ್ತದೆ. ಅವರವರದ್ದು ಅವರಿಗೆ ಕಾಣುತ್ತೆ ಎಂದಿದ್ದಳಲ್ಲ, ನನ್ನದು ನನಗೆ ಕಾಣುತ್ತದೆ.

ಶುಕ್ರವಾರ ಬೆಳಿಗ್ಗೆ, ಅಂದರೆ ಚಿತ್ರ ಕೆಟ್ಟ ಮಾರನೇ ದಿನ, ಆರೂವರೆಗೇ ಅಂಗಡಿಗೆ ಹೋದೆ. ಬಾಯ್ಲರು ಹೊತ್ತಿಸುವವಳು ನಾನೇ ಆದ್ದರಿಂದ ಬೀಗದ ಕೈ ನನ್ನ ಹತ್ತಿರ ಇತ್ತು. ಒಗೆಯುವ ಬುಟ್ಟಿಯಲ್ಲಿ ಕೈ ಹಾಕಿ ಆ ಟವೆಲ್ ಹುಡುಕಿದೆ. ಅವಳ ಗಂಡ ಅದನ್ನು ಉಳಿದ ಒದ್ದೆ ಟವೆಲ್ಲುಗಳ ಜೊತೆ ಎಸೆದಿದ್ದ. ಕಂದು ಬಣ್ಣ ಅದರಲ್ಲಿ ಹಾಗೇ ಇತ್ತು, ತಟ್ಟೆಯಷ್ಟು ಅಗಲ. ಹುಟ್ಟಿದಾಗಿನಿಂದ ಕಲೆ ಕಂಡರೆ ನನ್ನ ಕೈ ನೀರಿಗೆ ಹೋಗುತ್ತದೆ. ಅವತ್ತು ನೀರು ಮುಟ್ಟಿಸಲಿಲ್ಲ, ಹಬೆಯನ್ನೂ ತಾಕಿಸಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಹರಡಿ ಅಂಗೈಯಲ್ಲೇ ಸುಕ್ಕು ತೆಗೆದೆ. ಕಲೆ ಹೊರಗೆ ಕಾಣುವ ಹಾಗೆ ನಾಲ್ಕು ಮಡಿಕೆ ಮಾಡಿದೆ. ರೇಷ್ಮೆ ಸೀರೆಗೆ ಸುತ್ತುವ ತೆಳು ಕಾಗದದ ಮೇಲೆ ಅದನ್ನು ಇಟ್ಟು, ಅವಳ ಮೇಜಿನ ಮೇಲೆ, ಕುಂಚ, ಬಣ್ಣದ ಬಟ್ಟಲು, ಕತ್ತರಿ ಎಲ್ಲಕ್ಕಿಂತ ಮೇಲೆ ಇಟ್ಟೆ.

ಆಮೇಲೆ ಬಾಗಿಲಲ್ಲಿ ನಿಂತೆ. ಎಂಟು ಗಂಟೆಯ ತನಕ ನಿಂತಿದ್ದೆ. ಅವಳು ಬಂದಳು, ನನ್ನನ್ನು ನೋಡಿದಳು, ಮೇಜನ್ನು ನೋಡಿದಳು.

"ಇದನ್ನ ಒಗೆದಿಲ್ಲ" ಅಂದೆ.

ಅವಳು ಕೂತಳು. ಟವೆಲ್ಲಿನ ಮೇಲೆ ಕೈ ಇಟ್ಟಳು. ಬೈಯುತ್ತಾಳೇನೋ ಎಂದು ಇನ್ನೂ ಸ್ವಲ್ಪ ಹೊತ್ತು ಕಾದೆ. ಬೈಯಲಿಲ್ಲ. ಹೋಗಿ ಬಾಯ್ಲರು ಹೊತ್ತಿಸಿದೆ.